ಹಿಟ್ಟಿನ ಶಿವನಂಜಯ್ಯನ ನೀರುಮಿಲ್ಲು

ಕೊಳ್ಳೇಗಾಲದ ಹಲ್ಲಿನ ಡಾಕ್ಟರ ಷಾಪಿನಲ್ಲಿ ಶಿವರತ್ನಮ್ಮ ಎದ್ದು ನಿಂತಾಗ ಅವರ ಸರದಿ ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ದವಡೆಯಲ್ಲಿ ಲವಂಗ ಕಚ್ಚಿಕೊಂಡು, ಕೆನ್ನೆಗೆ ಸೆರಗು ಒತ್ತಿಕೊಂಡು ಬೆಂಚಿನ ಮೂಲೆಯಲ್ಲಿ ಕೂತಿದ್ದವರು, ಇದ್ದಕ್ಕಿದ್ದ ಹಾಗೆ ಎದುರು ಗೋಡೆಯ ಹತ್ತಿರ ಹೋಗಿ, ಅಲ್ಲಿ ತೂಗುಹಾಕಿದ್ದ ಪಟಕ್ಕೆ ಮೂಗು ತಾಗುವಷ್ಟು ಬಗ್ಗಿ ನಿಂತುಬಿಟ್ಟರು.

"ಕೋಮಲ, ಬಾ ಇಲ್ಲಿ. ಇದು ನಮ್ಮಪ್ಪಾಜಿ ಮಿಲ್ಲು ಕಣವ್ವ."

ಸೊಸೆ ಕೋಮಲ ಮೊಬೈಲು ಬಿಟ್ಟು ತಲೆಯೆತ್ತಿ ನೋಡಿದಳು. ಯಾವುದೋ ಶೀತದೇಶದ ಚಿತ್ರ. ಹುಲ್ಲಿನ ಗುಡ್ಡ, ಹೆಂಚಿನ ಮನೆ, ಮನೆಯ ಪಕ್ಕೆಗೆ ಅಂಟಿಕೊಂಡ ದೊಡ್ಡ ಮರದ ಚಕ್ರ, ಚಕ್ರದ ಕೆಳಗೆ ನೀರು, ನೀರಿನಲ್ಲಿ ಬಾತುಕೋಳಿ. ನೀರುಬಣ್ಣದಲ್ಲಿ ಬರೆದದ್ದು, ಯಾರೋ ಪ್ರಿಂಟು ಹಾಕಿಸಿ ಕಟ್ಟು ಕಟ್ಟಿಸಿದ್ದಾರೆ. ಬೆಂಚಿನಲ್ಲಿ ಕೂತಿದ್ದ ರೇಷ್ಮೆಗೂಡಿನ ವ್ಯಾಪಾರದವನೊಬ್ಬ, ಅವನ ಕೆನ್ನೆಯೂ ಬೋಂಡದ ಹಾಗೆ ಊದಿತ್ತು, ಆ ನೋವಿನಲ್ಲೂ ಸುಮ್ಮನಿರಲಾರದೆ ಕೇಳಿದ: "ಅಮ್ಮಾರೆ, ನಿಮ್ಮಪ್ಪಾರು ಇಂಗ್ಲೆಂಡಲ್ಲಿ ರಾಗಿ ಬೀಸ್ತಿದ್ರಾ?"

ಬಾಯಿ ಬಿಡಲಾಗದವರೂ ನಕ್ಕರು. ಶಿವರತ್ನಮ್ಮ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಚಿತ್ರದಲ್ಲಿ ಮನೆಯ ಮೂಲೆ ತಿರುಗುವ ಕಡೆ ಒಂದು ಸಣ್ಣ ಕತ್ತಲಿತ್ತು. ಅದನ್ನೇ ನೋಡುತ್ತಿದ್ದರು. ಒಳಗಿನಿಂದ ಹೆಸರು ಕೂಗಿದ ಮೇಲೂ ಅವರನ್ನು ತೋಳು ಹಿಡಿದೇ ಕರೆದುಕೊಂಡು ಹೋಗಬೇಕಾಯಿತು.

ಹಲ್ಲು ಕೀಳಿಸಿಕೊಂಡು ಬಂದ ದಿನ ಮಾತಾಡಬಾರದು ಎಂದು ಡಾಕ್ಟರು ಹೇಳಿದ್ದರು. ಮಾರನೆಯ ದಿನ ಗಂಜಿ ಕುಡಿಯುತ್ತಾ ಅವರು ಸೊಸೆಗೆ ಎಲ್ಲವನ್ನೂ ಹೇಳಿದರು. ಯಳಂದೂರು ದಾಟಿ ಬೆಟ್ಟದ ಕಡೆ ಹೋಗುವಾಗ ಸಿಗುವ ಕಲ್ಲುಕಟ್ಟೆ ಅವರ ತೌರು. ಅಲ್ಲಿ ನಾಲೆಯ ಮೇಲೆ ಅವರ ತಂದೆ ಶಿವನಂಜಯ್ಯನವರದು ಒಂದು ನೀರುಮಿಲ್ಲು ಇತ್ತು. ಮಹಾರಾಜರ ಕಾಲದಲ್ಲಿ ನಾಲೆ ನೋಡಿಕೊಳ್ಳುತ್ತಿದ್ದ ಯಾರೋ ಬಿಳಿ ಇಂಜಿನಿಯರು ತನ್ನ ಊರಿನದರ ಹಾಗೆ ಮಾಡಿಸಿದ್ದಂತೆ; ಅವನು ಹೋದ ಮೇಲೆ ಶಿವನಂಜಯ್ಯನವರ ತಂದೆಯ ಕೈಗೆ ಬಂತಂತೆ. ಸುತ್ತಲ ಹಳ್ಳಿಗಳ ರಾಗಿಯೆಲ್ಲ ಅಲ್ಲೇ ಹಿಟ್ಟಾಗುತ್ತಿತ್ತು. ಶಿವರತ್ನಮ್ಮ ಹತ್ತು ವರ್ಷದ ಹುಡುಗಿಯಾಗಿದ್ದಾಗ ತಂದೆ ಜ್ವರದಲ್ಲಿ ತೀರಿಕೊಂಡರು. ತಾಯಿ ಮಗಳನ್ನು ಕರೆದುಕೊಂಡು ಬಂಡಳ್ಳಿಯ ತನ್ನ ತೌರಿಗೆ ಬಂದರು. ಆಮೇಲೆ ಊರಿಗೆ ಕರೆಂಟು ಮಿಲ್ಲು ಬಂತು, ನಾಲೆಗೆ ಸಿಮೆಂಟು ಬಂತು, ಚಕ್ರ ಯಾರದೋ ಒಲೆಗೆ ಸೌದೆಯಾಯಿತು.

ಇಷ್ಟೂ ಕೋಮಲ ಅಲ್ಪಸ್ವಲ್ಪ ಕೇಳಿದ್ದದ್ದೇ. ಕೇಳದೇ ಇದ್ದದ್ದು ಆಮೇಲೆ ಬಂತು.

"ನಮ್ಮಪ್ಪಾಜಿ ಮುಖ ನಂಗೆ ಮರ್ತೋಗ್ಬುಟ್ಟದೆ ಕಣವ್ವ," ಎಂದರು ಶಿವರತ್ನಮ್ಮ, ಗಂಜಿಯ ಲೋಟವನ್ನು ನೋಡುತ್ತಾ. "ಒಂದು ಫೋಟೋ ಇಲ್ಲ. ಅವ್ವನ್ನ ಕೇಳ್ಬೌದಿತ್ತು, ಕೇಳ್ನಿಲ್ಲ. ಈಗ ಕಣ್ಮುಚ್ಚಿದ್ರೆ ಬರಿ ಬಿಳೀದೊಂದು ಕಾಣ್ತದೆ. ನೆನ್ನೆ ಆ ಪಟ ನೋಡ್ದಾಗ, ಈ ಮೂಲೆ ತಿರುಗುದ್ರೆ ಅವ್ರು ಸಿಕ್ತಾರೆ ಅನ್ನುಸ್ತು."

ಅತ್ತೆಯನ್ನು ಸಂದರ್ಭ ಸಿಕ್ಕಾಗಲೆಲ್ಲ ರೇಗಿಸುವ ಕೋಮಲ ಅವತ್ತು ರೇಗಿಸಲಿಲ್ಲ. ಸಂಜೆ ಗಂಡ ಪರಮೇಶ ಬಂದಾಗ, ಆ ಮಿಲ್ಲಿನ ಚಿತ್ರ ಬರೆಸೋಣ ಎಂದಳು. ಮನೆಯ ಪಕ್ಕದಲ್ಲೇ ರೇಷ್ಮೆ ನೂಲು ಹುರಿ ಮಾಡುವ ಮಷೀನು ಹಾಕಿಕೊಂಡಿದ್ದ ಪರಮೇಶ, ಇಲ್ಲದ ಮಿಲ್ಲನ್ನು ಯಾರು ಬರೆಯುತ್ತಾರೆ ಎಂದು ಕೇಳಿದ. ಅದಕ್ಕೆ ಕೊಳ್ಳೇಗಾಲದಲ್ಲಿ ಇದ್ದದ್ದು ಒಬ್ಬರೇ: ರಿಟೈರಾದ ಡ್ರಾಯಿಂಗ್ ಮೇಷ್ಟ್ರು ಮಲ್ಲಿಕಾರ್ಜುನಸ್ವಾಮಿ.

ಮೇಷ್ಟ್ರಿಗೆ ಚಿತ್ರಕ್ಕಿಂತ ಮಾತು ಜಾಸ್ತಿ ಎನ್ನುವವರಿದ್ದರು. ಆದರೆ ಅವರು ಊರಿನ ಹಳೆಯ ಬಾವಿ, ಮಂಟಪ, ಬಿದ್ದುಹೋದ ಛತ್ರ ಎಲ್ಲವನ್ನೂ ನೀರುಬಣ್ಣದಲ್ಲಿ ಬರೆದಿಟ್ಟವರು. ವಿಷಯ ಕೇಳಿದವರೇ, ನಾನು ಕಣ್ಣಲ್ಲಿ ನೋಡದ್ದನ್ನು ಬರೆಯೋದಿಲ್ಲ ಎಂದರು. ಆಮೇಲೆ, ನೋಡಿದವರ ಬಾಯಲ್ಲಿ ಕೇಳಿದರೂ ಆದೀತು ಎಂದರು. ಆಮೇಲೆ, ಬಸ್ಸು ಎಷ್ಟು ಹೊತ್ತಿಗೆ ಎಂದರು.

ಹಾಗೆ ಅತ್ತೆ, ಸೊಸೆ, ಮೇಷ್ಟ್ರು ಮೂವರೂ ಒಂದು ಬೆಳಿಗ್ಗೆ ಕಲ್ಲುಕಟ್ಟೆಯಲ್ಲಿ ಇಳಿದರು. ಮಿಲ್ಲಿದ್ದ ಜಾಗದಲ್ಲಿ ನಾಲೆಯ ತೂಬಿನ ಕಲ್ಲು, ಮೊಣಕಾಲೆತ್ತರದ ಗೋಡೆ, ಲಂಟಾನ ತುಂಬಿದ ಒಂದು ಗುಂಡಿ ಇಷ್ಟೇ ಉಳಿದಿದ್ದವು. ಹಿಂದೆ ಬಿಳಿಗಿರಿರಂಗನ ಬೆಟ್ಟ ಮಾತ್ರ ಇದ್ದ ಹಾಗೇ ನೀಲಿಯಾಗಿ ಕೂತಿತ್ತು. ಅದೊಂದಾದರೂ ಅಲ್ಲೇ ಇದೆಯಲ್ಲ, ಅಷ್ಟು ಮಟ್ಟಿಗೆ ನನಗೆ ಸಲೀಸು ಎಂದರು ಮೇಷ್ಟ್ರು.

ಸುದ್ದಿ ತಿಳಿದು ಊರಿನ ಮುದುಕ ದೊಡ್ಡಮಾದಪ್ಪ ಊರುಗೋಲು ಊರಿಕೊಂಡು ಬಂದ. ಹಿಂದೆಯೇ ಅವನ ಹೆಂಡತಿ ಮಾದೇವಮ್ಮ, ಗಂಡ ಸುಳ್ಳು ಹೇಳಿದರೆ ತಿದ್ದುವುದಕ್ಕೆ. ಇಬ್ಬರೂ ಚಿಕ್ಕವರಿದ್ದಾಗ ತಲೆಯ ಮೇಲೆ ರಾಗಿ ಹೊತ್ತುಕೊಂಡು ಆ ಮಿಲ್ಲಿಗೆ ಬಂದವರು. ಹುಣಿಸೆಮರ ಎಡಕ್ಕಿತ್ತು ಎಂದು ಅವನು, ಬಲಕ್ಕಿತ್ತು ಎಂದು ಅವಳು. ಚಾವಣಿಗೆ ನಾಡಹೆಂಚು ಎಂದು ಅವಳು, ಮೊದಲು ಹುಲ್ಲಿತ್ತು ಆಮೇಲೆ ಹೆಂಚು ಎಂದು ಅವನು. ಸರದಿಗೆ ತಮ್ಮ ಬದಲು ಒಂದೊಂದು ಕಲ್ಲಿಟ್ಟು ಮರದ ನೆರಳಿಗೆ ಹೋಗಿ ಕೂರುತ್ತಿದ್ದದ್ದು, ಮಾದಪ್ಪ ದೇವರ ಪಾಲು ಎಂದು ಪ್ರತಿ ಗೂಡೆಯಿಂದ ಒಂದು ಹಿಡಿ ಹಿಟ್ಟು ತೆಗೆದಿಡುತ್ತಿದ್ದದ್ದು, ಚಕ್ರದ ತುಂತುರು ಬಿದ್ದು ಬಿಸಿಲಲ್ಲೂ ಮೈ ತಣ್ಣಗಾಗುತ್ತಿದ್ದದ್ದು, ಇದರಲ್ಲಿ ಮಾತ್ರ ಗಂಡಹೆಂಡಿರಿಗೆ ಜಗಳವಿರಲಿಲ್ಲ. ಸೋಮವಾರ ಒಂದು ಬಿಟ್ಟು ಮಿಕ್ಕ ದಿನವೆಲ್ಲ ಆ ಸದ್ದು ಊರ ಬಾಗಿಲವರೆಗೆ ಕೇಳುತ್ತಿತ್ತು ಎಂದ ದೊಡ್ಡಮಾದಪ್ಪ.

ಮೇಷ್ಟ್ರು ಪೆನ್ಸಿಲಿನಲ್ಲಿ ಗೀಚುತ್ತಲೇ ಇದ್ದರು. ಕೊನೆಗೆ ಶಿವನಂಜಯ್ಯನವರು ಹೇಗಿದ್ದರು ಎಂದು ಕೇಳಿದರು. ಅಷ್ಟು ಹೊತ್ತೂ ತೂಬಿನ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದ ಶಿವರತ್ನಮ್ಮ ಕಿವಿಯಾದರು.

"ಹೆಂಗಿದ್ರು ಅಂದ್ರೆ ಏನೇಳದು ಸಾ. ಬೆಳ್ಳಗಿದ್ರು," ಎಂದ ದೊಡ್ಡಮಾದಪ್ಪ. "ತಲೆ, ರೆಪ್ಪೆ, ಮೀಸೆ, ಎಲ್ಲ ಹಿಟ್ಟು. ಹಿಟ್ಟಿನ ಶಿವನಂಜಯ್ಯ ಅಂತ್ಲೇ ಹೆಸ್ರು. ಮಿಲ್ ಬಾಗ್ಲಲ್ಲಿ ನಿಂತ್ಕಂಡ್ರೆ ಸುಣ್ಣ ಹೊಡ್ದಿರೋ ಕಂಬ ನಿಂತಂಗಾಯ್ತಿತ್ತು."

"ಹೆಣ್ಮಕ್ಳು ಬಂದ್ರೆ ಕೆನ್ನೆ ಹಿಂಡೋರು," ಎಂದಳು ಮಾದೇವಮ್ಮ. "ಆ ಬಿಳಿ ಗುರ್ತು ಹಂಗೇ ಇಟ್ಕಂಡು ಮನೆಗೋಯ್ತಿದ್ವಿ. ಅವ್ವ ನೋಡಿ, ಮಿಲ್ಲಿಗೇ ಹೋಗಿದ್ದೆ ಬುಡು, ಎಲ್ಲೂ ಆಟಕ್ಕೋಗಿಲ್ಲ ಅನ್ನೋಳು."

ಎಲ್ಲರೂ ನಕ್ಕರು. ಶಿವರತ್ನಮ್ಮನಿಗೆ ಅಷ್ಟು ವಯಸ್ಸಿನಲ್ಲೂ, ಆ ಮುದುಕಿಯ ಕೆನ್ನೆಯ ಮೇಲೆ ಹೊಟ್ಟೆಕಿಚ್ಚಾಯಿತು. ನನ್ನ ಕೆನ್ನೆ ಹಿಂಡಿದ್ದರಾ? ನೆನಪಾಗಲಿಲ್ಲ.

ಚಿತ್ರ ಮುಗಿದು, ಗಾಜಿನ ಕಟ್ಟು ಹಾಕಿಸಿಕೊಂಡು ಮನೆಗೆ ಬಂದಾಗ ಪರಮೇಶನೇ ಮಷೀನು ಬಿಟ್ಟು ಎದ್ದು ಬಂದು ನೋಡಿದ. ಬೆಟ್ಟ ನೀಲಿಯಾಗಿ ಹಿಂದಕ್ಕೆ ಸರಿದಿತ್ತು. ಹುಣಿಸೆಮರ ಮಾದೇವಮ್ಮನ ಮಾತಿನಂತೆ ಬಲಕ್ಕಿತ್ತು. ಚಕ್ರ ಭರ್ರೆಂದು ತಿರುಗುತ್ತಿತ್ತು. ಹಲಗೆಯಿಂದ ಹಲಗೆಗೆ ನೀರು ಒಡೆದು ಬೆಳ್ಳಗೆ ಹಾರಿ, ಕೆಳಗೆ ನೊರೆನೊರೆಯಾಗಿ ಬೀಳುತ್ತಿತ್ತು. ಬಾಗಿಲಲ್ಲಿ ತಲೆಯಿಂದ ಕಾಲವರೆಗೆ ಬಿಳಿಯ ಒಬ್ಬ ಮನುಷ್ಯ. ಗೂಡಿನ ಮಾರ್ಕೆಟ್ಟಿಗೆ ಬಂದಿದ್ದ ದೊಡ್ಡಮಾದಪ್ಪ ಅದನ್ನು ನೋಡಿ, ಚಪ್ಪಲಿ ಹೊರಗೆ ಬಿಟ್ಟು ಮತ್ತೆ ಒಳಗೆ ಬಂದು ನೋಡಿದ. ಇದೇ ಕಣವ್ವ ಇದೇ, ಸದ್ದೊಂದು ಕೇಳ್ತಿಲ್ಲ ಅಷ್ಟೆ ಎಂದ.

ಶಿವರತ್ನಮ್ಮ, ಚೆನ್ನಾಗಿದೆ ಎಂದರು. ಮೇಷ್ಟ್ರಿಗೂ ಚೆನ್ನಾಗಿದೆ ಎಂದರು. ನೆಂಟರು ಬಂದಾಗಲೆಲ್ಲ ತೋರಿಸಿದರು. ಆದರೆ ಒಬ್ಬರೇ ಇದ್ದಾಗ ಅದರ ಮುಂದೆ ನಿಂತರೆ ಏನೂ ಆಗುತ್ತಿರಲಿಲ್ಲ. ಡಾಕ್ಟರ ಷಾಪಿನ ಬಾತುಕೋಳಿಯ ಚಿತ್ರದಲ್ಲಿ ಆದಷ್ಟೂ ಆಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತ ಬಿಳಿ ಮನುಷ್ಯ ಊರಿನವರೆಲ್ಲರ ಹಿಟ್ಟಿನ ಶಿವನಂಜಯ್ಯ. ನಿನ್ನ ರಾಗಿ ಎಲ್ಲವ್ವ ಎಂದು ತನ್ನನ್ನೂ ಕೇಳಿಬಿಡುತ್ತಾನೇನೋ ಎನ್ನುವ ಹಾಗೆ ನೋಡುತ್ತಿದ್ದ. ಅಷ್ಟು ಜನ ಓಡಾಡಿ, ಅಷ್ಟು ಪ್ರೀತಿಯಿಂದ ಮಾಡಿಸಿಕೊಟ್ಟದ್ದು. ಇದಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಏನಲ್ಲ ಎಂದು ಕೇಳಿದರೆ ಹೇಳುವುದಕ್ಕೂ ಗೊತ್ತಿರಲಿಲ್ಲ. ಬರಬರುತ್ತಾ ಅವರು ಟೀವಿ ನೋಡುವ ಕುರ್ಚಿಯನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸಿಕೊಂಡರು. ಈಗ ಚಿತ್ರ ಅವರ ಬೆನ್ನಿಗೆ ಬಂತು. ಕೋಮಲ ಅದನ್ನು ಗಮನಿಸಿದಳು.

ಒಂದು ಮಧ್ಯಾಹ್ನ ಕರೆಂಟು ಹೋಯಿತು.

ಆ ಮನೆಯಲ್ಲಿ ಹುರಿ ಮಷೀನಿನ ಗುಂಯ್ ಎನ್ನುವ ಸದ್ದು ಬೆಳಗಿನಿಂದ ಸಂಜೆವರೆಗೂ ಗೋಡೆಯೊಳಗೇ ಸೇರಿಕೊಂಡ ಹಾಗೆ ಇರುತ್ತಿತ್ತು. ಅದಿದೆ ಎಂದು ತಿಳಿಯುತ್ತಿದ್ದದ್ದೇ ಅದು ನಿಂತಾಗ. ಅವತ್ತು ಮಷೀನು ನಿಂತಿತು, ಫ್ಯಾನು ನಿಂತಿತು, ಟೀವಿಯಲ್ಲಿ ಅಳುತ್ತಿದ್ದವಳೂ ನಿಂತಳು. ಬೀದಿಯಲ್ಲಿ ಯಾರೋ ಪಾತ್ರೆ ಇಟ್ಟ ಸದ್ದು ಕೂಡ ಬಿಡಿಸಿ ಕೇಳಿತು. ಶಿವರತ್ನಮ್ಮನ ಮೈ ಯಾಕೋ ಸಡಿಲವಾಯಿತು. ಈ ಸದ್ದಿಲ್ಲದಿರುವುದು ತಮಗೆ ಮೊದಲೇ ಗೊತ್ತಿರುವುದು ಎನಿಸಿತು. ತಿರುಗಿ ಚಿತ್ರ ನೋಡಿದರು. ಎಲ್ಲವೂ ನಿಂತಿರುವಾಗ ಅದೊಂದು ಚಕ್ರ ಮಾತ್ರ ಭರ್ರೆಂದು ತಿರುಗುತ್ತಲೇ ಇತ್ತು.

"ಕೋಮಲ," ಎಂದರು. "ಇದು ಸೋಮವಾರ ಅಲ್ಲ ಕಣವ್ವ."

ಕೋಮಲ ಅಡುಗೆಮನೆಯಿಂದ ಇಣುಕಿ, ಇವತ್ತು ಗುರುವಾರ ಅತ್ತೆ ಎಂದಳು.

ಶಿವರತ್ನಮ್ಮ ಚಪ್ಪಲಿ ಹುಡುಕುತ್ತಿದ್ದರು. ಕಟ್ಟಿನ ಸಮೇತ ಚಿತ್ರವನ್ನು ಟವೆಲಿನಲ್ಲಿ ಸುತ್ತಿಕೊಂಡು ಅತ್ತೆ ಸೊಸೆ ಇಬ್ಬರೂ ಆ ಬಿಸಿಲಲ್ಲೇ ಮೇಷ್ಟ್ರ ಮನೆಗೆ ಹೋದರು.

ಮೇಷ್ಟ್ರು ಊಟ ಮಾಡಿ ಕಾಲು ಚಾಚಿದ್ದರು. ಚಿತ್ರ ವಾಪಸು ಬಂದದ್ದು ನೋಡಿ ಅವರ ಮುಖ ಇಳಿಯಿತು. ಗಾಜು ಒಡೆಯಿತೇ ಎಂದರು. ಇಲ್ಲ ಎಂದ ಮೇಲೆ ಇನ್ನೂ ಇಳಿಯಿತು. ಶಿವರತ್ನಮ್ಮ ಸಂಕೋಚದಲ್ಲೇ ಶುರುಮಾಡಿದರು. ಸೋಮವಾರ ಬಸವನ ದಿನವಲ್ಲವೇ, ಯಾರೂ ನೊಗಕ್ಕೆ ಎತ್ತು ಕಟ್ಟುವುದಿಲ್ಲವಲ್ಲ. ಅವರ ಅಪ್ಪಾಜಿ, ನನ್ನ ಬಸವ ಇದೇ ಎಂದು ಚಕ್ರವನ್ನೂ ಕಟ್ಟುತ್ತಿರಲಿಲ್ಲ. ಭಾನುವಾರ ಸಂಜೆಯೇ ತೂಬಿನ ಹಲಗೆ ಇಳಿಸಿ ನೀರು ನಿಲ್ಲಿಸಿಬಿಡುತ್ತಿದ್ದರು. ಸೋಮವಾರ ಚಕ್ರದ ನಡುವಿನ ಗುಂಬಕ್ಕೆ ವಿಭೂತಿ ಹಚ್ಚಿ, ಒಂದು ಹೂವಿಟ್ಟರೆ ಮುಗಿಯಿತು. ಮಿಕ್ಕ ದಿನ ಅವರು ಊರಿನವರ ಪಾಲು. ಸೋಮವಾರ ಮನೆಯವರ ಪಾಲು.

"ಈಗ ತಿಳೀತು," ಎಂದರು ಮೇಷ್ಟ್ರು ಎದ್ದು ಕೂತು. "ನಾನು ಕೇಳಿದ್ದೆಲ್ಲ ಗಿರಾಕಿಗಳನ್ನೇ. ಅವರ್ಯಾರೂ ಸೋಮವಾರ ಬಂದೋರಲ್ಲ. ನೀವು ಅಲ್ಲೇ ಕೂತಿದ್ರಲ್ಲಮ್ಮ, ಒಂದು ಮಾತಾಡಬಾರ್ದಿತ್ತಾ?"

"ಅಷ್ಟು ಜನ ಹೇಳ್ತಾವ್ರೆ, ಅವರಿಗೇ ಚೆನ್ನಾಗಿ ಗೊತ್ತು ಅನ್ಕಂಡೆ."

ಮೇಷ್ಟ್ರು ಕಟ್ಟಿನ ಹಿಂದಿನ ಮೊಳೆ ಬಿಚ್ಚಿ ಕಾಗದವನ್ನು ಹೊರಗೆ ತೆಗೆದರು. ಇದನ್ನು ಅಳಿಸಬೇಕಾ, ಬೇರೆ ಬರೀಬೇಕಾ ಎಂದು ಕೋಮಲ ಕೇಳಿದಾಗ ಅವರಿಗೆ ಹುರುಪು ಬಂತು. ನೀರುಬಣ್ಣದಲ್ಲಿ ಬಿಳಿ ಎನ್ನುವ ಬಣ್ಣವನ್ನು ತಾವು ಹಚ್ಚುವುದೇ ಇಲ್ಲ, ಬಿಳಿ ಬೇಕಾದ ಕಡೆ ಕಾಗದವನ್ನು ಹಾಗೇ ಬಿಟ್ಟುಬಿಡುವುದು ಎಂದು ವಿವರಿಸಿದರು. ಆ ತುಂತುರು, ಆ ನೊರೆ, ಯಾವುದಕ್ಕೂ ಬ್ರಷ್ ತಾಗಿಸಿಲ್ಲ. ಅಲ್ಲಿರುವುದು ಖಾಲಿ ಕಾಗದ. ಹಾಗೆಯೇ ಬಾಗಿಲಲ್ಲಿ ನಿಂತವರೂ.

ಶಿವರತ್ನಮ್ಮ ಬಗ್ಗಿ ನೋಡಿದರು. ಹೌದು, ಅಲ್ಲಿ ಯಾರೂ ಇರಲಿಲ್ಲ. ಸುತ್ತಲ ಬಾಗಿಲಿನ ಕತ್ತಲನ್ನು ಬರೆದದ್ದರಿಂದ ನಡುವೆ ಮನುಷ್ಯ ನಿಂತ ಹಾಗೆ ಕಾಣುತ್ತಿತ್ತು, ಅಷ್ಟೇ.

ಮೇಷ್ಟ್ರು ನೀರು ತರಿಸಿ ಬಣ್ಣ ಕಲಸಿದರು. ಹಾರುತ್ತಿದ್ದ ತುಂತುರಿನ ಮೇಲೆ ತೆಳ್ಳಗೆ ಗೋಡೆಯ ಮಣ್ಣುಬಣ್ಣ ಎಳೆದರು. ಚಕ್ರದ ಒಂದೊಂದು ಹಲಗೆಗೂ ಅಂಚು ಕೊಟ್ಟರು. ಒಣಗುತ್ತಿರುವ ಪಾಚಿಯ ಹಸಿರು ಇಟ್ಟರು. ಕೆಳಗಿನ ನೊರೆಯನ್ನು ತಿಳಿಹಸಿರಿನಲ್ಲಿ ಮುಚ್ಚಿ, ಅದರೊಳಗೆ ಚಕ್ರದ ನೆರಳನ್ನು ಇಳಿಬಿಟ್ಟರು. ನೋಡನೋಡುತ್ತಾ ನೀರು ನಿಂತಿತು.

"ಈಗ ಮುಖ ಹೇಳಿ," ಎಂದರು ಮೇಷ್ಟ್ರು. "ಸೋಮವಾರ ಹಿಟ್ಟಿಲ್ಲ ಅಂದ್ಮೇಲೆ ಮುಖ ಕಂಡಿರ್ತದೆ. ಅವತ್ತು ಏನೇನು ಮಾಡೋರು, ಮೊದ್ಲಿಂದ ಹೇಳ್ಕಂಡು ಬನ್ನಿ, ಬತ್ತದೆ."

ಶಿವರತ್ನಮ್ಮ ಹೇಳುತ್ತಾ ಹೋದರು. ಮಾತು ತೂಬು ಎತ್ತಿದ ಹಾಗೆ ಬಂತು. ಬೆಳಿಗ್ಗೆ ಅವ್ವ ಹಂಡೆ ಕಾಯಿಸುತ್ತಿದ್ದಳು. ಅಪ್ಪಾಜಿ ಬಚ್ಚಲ ಕಲ್ಲಿನ ಮೇಲೆ ಕುಕ್ಕುರುಗಾಲಲ್ಲಿ ಕೂತರೆ ಅವ್ವ ನೀರು ಹಾಕುವುದು, ಮಗಳು ಸೀಗೆಪುಡಿಯಲ್ಲಿ ಬೆನ್ನು ಉಜ್ಜುವುದು. ವಾರದ ಹಿಟ್ಟು ನೆನೆದು ಬೆನ್ನ ಮೇಲೆಲ್ಲ ಅಂಬಲಿ ಹರಿಯುತ್ತಿತ್ತು. ಕುಡಿಯವ್ವ ರತ್ನಿ, ಉಪ್ಪು ಸಾಕಾ ನೋಡು ಎನ್ನುತ್ತಿದ್ದರು ಅಪ್ಪಾಜಿ. ಬಿಳಿ ಎಲ್ಲ ಇಳಿದ ಮೇಲೆ ಕೆಳಗಿಂದ ರಾಗಿಯದೇ ಬಣ್ಣದ ಮೈ ಬರುತ್ತಿತ್ತು. ಕಿವಿಯ ಹಿಂದಿನ ಮಡಿಕೆಯಲ್ಲಿ ಮಾತ್ರ ಹಿಟ್ಟು ಉಳಿದುಬಿಡುತ್ತಿತ್ತು, ಅದನ್ನು ಬೆರಳು ಹಾಕಿ ತೆಗೆಯುವುದು ಮಗಳ ಕೆಲಸ. ಆಮೇಲೆ ಅವರು ಮಡಿಯುಟ್ಟು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂರುತ್ತಿದ್ದರು. ಪೂಜೆಗೆ ಕೂತವರ ಮುಂದೆ ಹಾಯಬಾರದು ಎಂದು ಅವ್ವ ಮಗಳನ್ನು ಹಿಂದೆಯೇ ಕೂರಿಸುತ್ತಿದ್ದಳು. ಪೂಜೆ ಮುಗಿದ ಮೇಲೆ ಹೆಗಲ ಮೇಲೆ ಕೂರಿಸಿಕೊಂಡು ನಾಲೆ ಏರಿಯ ಮೇಲೆ ನಡೆಯುತ್ತಿದ್ದರು. ಮೇಲಿನಿಂದ ನೋಡಿದರೆ ಅವರ ನೆತ್ತಿ, ಆಚೆ ಬೆಟ್ಟ.

ಅಲ್ಲಿಗೆ ಶಿವರತ್ನಮ್ಮ ನಿಂತುಬಿಟ್ಟರು.

ಮೇಷ್ಟ್ರು ಬ್ರಷ್ ಎತ್ತಿ ಹಿಡಿದುಕೊಂಡೇ ಕಾದರು. ಕೋಮಲ ಅತ್ತೆಯ ಮೊಣಕೈ ಮೇಲೆ ಕೈಯಿಟ್ಟಳು.

"ಮುಖ ನೋಡೋಕೆ ನಾನು ಮುಂದಕ್ಕೇ ಬಂದಿಲ್ಲ ಕಣ್ರಿ ಮೇಷ್ಟ್ರೆ," ಎಂದರು ಶಿವರತ್ನಮ್ಮ ಮೆಲ್ಲಗೆ. "ಬರೀ ಬೆನ್ನಲ್ಲೇ ಇದ್ದೆ."

ಮೇಷ್ಟ್ರು ಸಣ್ಣ ಬ್ರಷ್ಷನ್ನು ರಾಗಿಬಣ್ಣದಲ್ಲಿ ಅದ್ದಿ, ಬಾಗಿಲಲ್ಲಿದ್ದ ಖಾಲಿ ಬಿಳುಪಿನ ಮೇಲೆ ತಂದರು. ಕತ್ತಿನ ಹಿಂಭಾಗಕ್ಕೆ ಒಂದು ಎಳೆ. ಬೆನ್ನಿಗೆ ಎರಡು, ನಡುವೆ ಬೆನ್ನುಹುರಿಯ ಸಣ್ಣ ಹಳ್ಳ. ತಲೆಗೆ ಒದ್ದೆ ಕೂದಲ ಕಪ್ಪು. ಸೊಂಟದ ಕೆಳಗೆ ಮಡಿಪಂಚೆಗೆ ಕಾಗದವನ್ನೇ ಉಳಿಸಿದರು. ಅಲ್ಲಿಯವರೆಗೆ ಗಿರಾಕಿಗಳ ಕಡೆ ಮುಖ ಮಾಡಿ ನಿಂತಿದ್ದ ಮನುಷ್ಯ, ಕಾಲು ಒಂದಿಂಚೂ ಕದಲಿಸದೆ, ಮನೆಯೊಳಕ್ಕೆ ತಿರುಗಿಕೊಂಡ.

"ಎಡಗಿವಿ ಇನ್ನೊಂಚೂರು ಆಚೆಗೆ," ಎಂದರು ಶಿವರತ್ನಮ್ಮ. ಅವರ ಬೆರಳು ಗಾಳಿಯಲ್ಲಿ ಏನನ್ನೋ ಮಡಿಸುತ್ತಿತ್ತು. "ಹೂಂ. ಮೇಲ್ಗಡೆ ಮಡಿಚ್ಕಂಡಿತ್ತು. ಇನ್ನೊಂಚೂರು. ಬುಡಿ, ಸಾಕು. ಅದೇ."

ಮೇಷ್ಟ್ರು ಬ್ರಷ್ ತೊಳೆದಿಟ್ಟರು. ಮುಖ ಕೊಡೋಕಾಗಲಿಲ್ಲವಲ್ಲಮ್ಮ ಎಂದರು. ಶಿವರತ್ನಮ್ಮ ಬಣ್ಣ ಆರುವವರೆಗೂ ಆ ಕಿವಿಯನ್ನೇ ನೋಡುತ್ತಾ ಕೂತಿದ್ದು, ಆರಿದ ಮೇಲೆ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಮನೆಗೆ ಬಂದರು.

ಮುಂದಿನ ಸಲ ಗೂಡಿನ ಮಾರ್ಕೆಟ್ಟಿಗೆ ಬಂದ ದೊಡ್ಡಮಾದಪ್ಪ ಕಾಫಿ ಕುಡಿಯುತ್ತಾ ತಲೆಯೆತ್ತಿ ನೋಡಿದವನು ಲೋಟ ಕೆಳಗಿಟ್ಟ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಅವನಿಗೆ ನಿಜವಾಗಿಯೂ ಸಂಕಟವಾಗಿತ್ತು.

"ಇದೇನ್ ಮಾಡುಸ್ಬುಟ್ಟೆ ರತ್ನವ್ವ? ಅಷ್ಟು ಚೆಂದಾಗಿ ತಿರುಗ್ತಿದ್ದ ಮಿಲ್ಲು, ಕೆಟ್ಟು ನಿಂತಂಗದಲ್ಲ. ಇವನ್ಯಾರು, ಬೆನ್ನು ತೋರುಸ್ಕಂಡು? ನಿಮ್ಮಪ್ಪಾಜಿ ಹಿಂಗಿರ್ನಿಲ್ಲ ಕಣವ್ವ. ನಾನು ಎಷ್ಟು ಸಲ ನೋಡಿವ್ನಿ."

"ನೋಡಿದ್ದೀರಿ ಮಾದಪ್ಪಣ್ಣ. ನೀವು ನೋಡಿರೋರು ಅವ್ರೇಯ," ಎಂದರು ಶಿವರತ್ನಮ್ಮ. "ಇವ್ರು ಮನೇಲಿರೋರು."

ದೊಡ್ಡಮಾದಪ್ಪನಿಗೆ ಒಪ್ಪಿಗೆಯಾಗಲಿಲ್ಲ. ಮಾದೇವಮ್ಮನನ್ನು ಕರೆತಂದು ತೋರಿಸುತ್ತೇನೆ, ಅವಳೇ ಹೇಳಲಿ ಎಂದು ಗೊಣಗಿಕೊಂಡು, ಮುಖ ಹೆಂಗಿತ್ತು ಅಂತಾದ್ರೂ ಒಂಚೂರು ಕಾಣೋ ಹಂಗೆ ಬರುಸ್ಬಾರ್ದಾಗಿತ್ತಾ, ಒಂದು ಮೂಗಾದ್ರೂ ಎಂದು ಕೇಳಿದ.

ಶಿವರತ್ನಮ್ಮನ ಕುರ್ಚಿ ಈಗ ಚಿತ್ರದ ಕಡೆಗೆ ತಿರುಗಿತ್ತು. ಅವರು ಅದರಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಚಿತ್ರ ನೋಡಿಕೊಂಡೇ ಅಂದರು:

"ಇರ್ಲಿ ಬುಡಣ್ಣ. ಪೂಜೆಗೆ ಹೊರಟವ್ರೆ. ಮುಗುಸ್ಕಂಡು ಬರ್ತಾರೆ, ಕೂತಿರ್ತೀನಿ."